ಯಾವ ಕ್ಯಾಂಪ್ ಅಂತ ಹೇಳ್ರಿ

ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆ 108 ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ದಾರಿಯಲ್ಲಿ ರೋಗಿಯನ್ನು ನೋಡಿಕೊಳ್ಳುವವಳಾಗಿ ಕೆಲಸ ಮಾಡುತ್ತೇನೆ. ಓದಿದ್ದು ಜಿಎನ್‌ಎಂ ನರ್ಸಿಂಗ್. ಜನ ಸಿಸ್ಟರ್ ಅಂತಾರೆ, ಹಳ್ಳಿಯ ಹೆಂಗಸರು ಅಕ್ಕಾರ ಅಂತಾರೆ. ಗಾಡಿ ಓಡಿಸುವವರನ್ನು ನಮ್ಮಲ್ಲಿ ಪೈಲಟ್ ಎನ್ನುತ್ತಾರೆ. ನನ್ನ ಪೈಲಟ್ ವಯಸ್ಸಿನಲ್ಲಿ ಬಹಳ ದೊಡ್ಡವರು. ಹಾಗಾಗಿ ಅವರು ನನಗೆ ಅಣ್ಣ, ನಾನು ಅವರಿಗೆ ತಂಗಿ. ಹನ್ನೆರಡು ತಾಸಿನ ಡ್ಯೂಟಿ, ಗಾಡಿಯಲ್ಲಿ ನಾವಿಬ್ಬರೇ. ಆದರೆ ಇಬ್ಬರಿಂದಲೇ ಆಗುವ ಕೆಲಸ ಇದಲ್ಲ. ಅಗಸಿ ಬಾಗಿಲಲ್ಲಿ ಬ್ಯಾಟರಿ ಹಿಡಿದು ನಿಂತವರು, ಅಡ್ಡ ನಿಂತ ಟ್ರ್ಯಾಕ್ಟರ್ ಸರಿಸಿದವರು, ನಾವು ಬರುವವರೆಗೆ ರೋಗಿಯ ಕೈ ಬಿಡದೆ ಕೂತ ಆಶಾ ಅಕ್ಕ, ಇವರೆಲ್ಲ ಸೇರಿದರೆ ಮಾತ್ರ ಒಂದು ಜೀವ ಆಸ್ಪತ್ರೆ ಬಾಗಿಲು ಮುಟ್ಟುತ್ತದೆ. ಅವರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು.

ಮೊದಲ ಕಷ್ಟ ಜಾಗ ಸಿಗೋದು. ಕರೆ ಮೊದಲು ಬೆಂಗಳೂರಿಗೆ ಹೋಗುತ್ತದೆ. ಅಲ್ಲಿಂದ ಹತ್ತಿರದ ಗಾಡಿಗೆ ಕೇಸ್ ಬರುತ್ತದೆ, ಆಮೇಲೆ ನಾವೇ ಕರೆ ಮಾಡಿದವರ ಜೊತೆ ಮಾತಾಡುತ್ತೇವೆ.

"ಲಗೂನ ಬರ್ರಿ ಅಕ್ಕಾರ, ಕ್ಯಾಂಪಿಗೆ ಬರ್ರಿ."

"ಯಾವ ಕ್ಯಾಂಪ್ರೀ?"

"ಕಾಲುವಿ ದಂಡಿ ಮ್ಯಾಲಿಂದ್ರೀ."

ಈ ಕಡೆ ಕಾಲುವೆ ದಂಡೆಯಲ್ಲಿ ಇಲ್ಲದ ಕ್ಯಾಂಪ್ ಯಾವುದು? 1953ರಲ್ಲಿ ತುಂಗಭದ್ರಾ ಡ್ಯಾಂ ಆಗಿ, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ, ಆಂಧ್ರದ ಕಡೆಯ ರೈತರು ಬಂದು ಜಮೀನು ಮಾಡಿ ನೆಲೆ ನಿಂತರು. ಹಾಗೆ ಹುಟ್ಟಿದ ಕ್ಯಾಂಪ್‌ಗಳು ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ತುಂಬಿವೆ. ಒಂದೇ ದೇವರ ಹೆಸರಿನ ಕ್ಯಾಂಪ್ ಇಲ್ಲೂ ಇರುತ್ತದೆ, ಇನ್ನೊಂದು ತಾಲ್ಲೂಕಿನಲ್ಲೂ ಇರುತ್ತದೆ. ಮೊಬೈಲ್ ಮ್ಯಾಪ್ ಹತ್ತಿರದ ದಾರಿ ಅಂತ ಕಾಲುವೆ ಏರಿಯನ್ನು ತೋರಿಸುತ್ತದೆ. ಮಳೆ ಬಿದ್ದ ಎರೆಮಣ್ಣಿನಲ್ಲಿ ಅಲ್ಲಿ ಗಾಡಿ ಇಳಿಸಿದರೆ ಎಳೆಯಲು ಟ್ರ್ಯಾಕ್ಟರೇ ಬರಬೇಕು.

ಅಣ್ಣ ಮ್ಯಾಪ್ ನೋಡುವುದಿಲ್ಲ. "ಯಾವ ಉಪಕಾಲುವೆ? ಎಷ್ಟನೇ ತೂಬು? ರೈಸ್ ಮಿಲ್ ದಾಟಿದ ಮ್ಯಾಲೋ, ಮೊದಲೋ?" ಅಂತ ಕೇಳುತ್ತಾರೆ. ಮೂರು ಪ್ರಶ್ನೆಗೆ ದಾರಿ ತಲೆಯಲ್ಲಿ ಕೂತುಬಿಡುತ್ತದೆ. ಅವರಿಗೆ ತೆಲುಗು ಚೆನ್ನಾಗಿ ಬರುತ್ತದೆ. ನಾನು ಕುಷ್ಟಗಿ ಕಡೆಯವಳು, ನನಗೆ ಒಂದು ಅಕ್ಷರ ಬರುತ್ತಿರಲಿಲ್ಲ. ಎಕ್ಕಡ ನೊಪ್ಪಿ, ಅಂದರೆ ಎಲ್ಲಿ ನೋವು ಅಂತ ಕೇಳುವುದನ್ನು ಅವರೇ ಕಲಿಸಿದರು. ಈಗ ಬಾಣಂತಿಯ ಅತ್ತೆಗೆ ಧೈರ್ಯ ಹೇಳುವಷ್ಟು ಬರುತ್ತದೆ.

ಕರೆ ಮಾಡುವಾಗ ಊರಿನ ಹೆಸರಿನ ಜೊತೆ ಹತ್ತಿರದ ದೊಡ್ಡ ಊರು, ಶಾಲೆ, ಗುಡಿ, ಮಿಲ್ಲು ಯಾವುದಾದರೂ ಒಂದನ್ನು ಹೇಳಿ. ಒಬ್ಬರನ್ನು ಮುಖ್ಯ ರಸ್ತೆಗೆ ಕಳಿಸಿ. ಫೋನ್ ಬೇರೆ ಕರೆಗಳಿಗೆ ಬಿಜಿ ಆಗದಂತೆ ನೋಡಿಕೊಳ್ಳಿ. ದಾರಿ ತಪ್ಪಿ ಹೋಗುವ ಹತ್ತು ನಿಮಿಷ ಆಮೇಲೆ ಎಷ್ಟು ವೇಗವಾಗಿ ಓಡಿಸಿದರೂ ವಾಪಸ್ ಬರುವುದಿಲ್ಲ.

ನಾಟಿ ಹಂಗಾಮಿನ ಒಂದು ಬೆಳಗಿನ ಕೇಸ್ ಹೇಳುತ್ತೇನೆ. ಕೇಸ್ ಬಂದಿದ್ದು ಹೊಟ್ಟೆನೋವು ಅಂತ. ನಾಟಿಗೆ ಬಂದ ಕೂಲಿಯವರು ಗದ್ದೆ ಪಕ್ಕದ ತಗಡಿನ ಶೆಡ್‌ನಲ್ಲಿ ಇದ್ದರು. ಇಪ್ಪತ್ತರ ಆಸುಪಾಸಿನ ಹುಡುಗ. ರಾತ್ರಿ ಊಟ ಮಾಡಿ ನೆಲದ ಮೇಲೆ ಕೌದಿ ಹಾಸಿ ಮಲಗಿದ್ದ. ನಸುಕಿನಲ್ಲಿ ಹೊಟ್ಟೆ ಹಿಡಿದುಕೊಂಡು ಎದ್ದ, ಎರಡು ಸಲ ವಾಂತಿ ಮಾಡಿದ. ಗ್ಯಾಸ್ ಇರಬೇಕು ಅಂತ ಮನೆಯವರು ಸೋಡಾ ಕುಡಿಸಿದ್ದರು.

"ಕಣ್ಣು ತೆರಿಯಪ್ಪಾ" ಅಂದೆ. ಹುಬ್ಬು ಮೇಲೆ ಹೋಯಿತು, ಹಣೆಯಲ್ಲಿ ಗೆರೆ ಬಿತ್ತು, ಆದರೆ ರೆಪ್ಪೆ ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಹೇಳಿದೆ. ಹಾಗೇ. ಮಾತು ಮೂಗಿನಿಂದ ಬರುತ್ತಿತ್ತು. ಬಾಯಲ್ಲಿ ಜೊಲ್ಲು ನಿಂತಿತ್ತು, ನುಂಗಲು ಆಗುತ್ತಿರಲಿಲ್ಲ. ಅಷ್ಟು ಸಾಕಿತ್ತು. ಕಟ್ಟುಹಾವು ಕಚ್ಚಿದರೆ ಹೀಗೇ. ರಾತ್ರಿ ಹೊತ್ತು ನೆಲದಲ್ಲಿ ಮಲಗಿದವರ ಹತ್ತಿರ ಬರುತ್ತದೆ. ಕಚ್ಚಿದ ಜಾಗದಲ್ಲಿ ನೋವು ಇರುವುದಿಲ್ಲ, ಬಾವು ಇರುವುದಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ಮನುಷ್ಯನಿಗೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಅದರ ವಿಷ ಸ್ನಾಯುಗಳನ್ನು ಒಂದೊಂದಾಗಿ ಸೋಲಿಸುತ್ತದೆ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ಉಸಿರು.

ಅಣ್ಣನ ಕಡೆ ನೋಡಿ "ಹಾವು" ಅಂದೆ. ಅಷ್ಟರಲ್ಲಿ ಅವರು ಗಾಡಿ ತಿರುಗಿಸಿ ಹಿಂದಿನ ಬಾಗಿಲು ತೆಗೆದಾಗಿತ್ತು. ಶೆಡ್‌ನವರು ಕೌದಿ ಝಾಡಿಸಿ ಹಾವು ಹುಡುಕಲು ಹೊರಟರು. ಅಣ್ಣ ಗದರಿ ನಿಲ್ಲಿಸಿದರು. ಗಂಗಾವತಿಗೆ ಸುಮಾರು ಮೂವತ್ತು ಕಿಲೋಮೀಟರ್. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ, ಉಸಿರು ನಿಲ್ಲಬಹುದು, ಟ್ಯೂಬ್ ಹಾಕಲು ತಯಾರಿರಿ ಅಂತ ಹೇಳಿದೆ.

ದಾರಿಯಲ್ಲಿ ಆಮ್ಲಜನಕದ ಮಟ್ಟ ಇಳಿಯುತ್ತಾ ಬಂತು. ಎದೆ ಏಳುವುದು ಕಡಿಮೆಯಾಯಿತು. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ತೆಗೆದೆ. ಗಾಡಿ ಓಡುವಾಗ ಒಬ್ಬರೇ ಅದನ್ನು ಮಾಡುವುದು ಬಹಳ ಕಷ್ಟ. ಒಂದು ಕೈಯಲ್ಲಿ ಮಾಸ್ಕ್ ಹಿಡಿದರೆ ಬದಿಯಿಂದ ಗಾಳಿ ಸೋರುತ್ತದೆ, ಬ್ಯಾಗ್ ಒತ್ತಿದ್ದೆಲ್ಲ ವ್ಯರ್ಥ. ಹುಡುಗನ ಜೊತೆ ಅವನ ದೊಡ್ಡಪ್ಪನ ಮಗ ಬಂದಿದ್ದ. ಕೈಯಲ್ಲಿ ಇನ್ನೂ ಗದ್ದೆಯ ಕೆಸರು. ಒರೆಸಿ ಗ್ಲೌಸ್ ಹಾಕಿಸಿದೆ. "ನಾ ಒತ್ತು ಅಂದಾಗ ಒತ್ತು, ಎದಿ ಏಳೋದು ನೋಡು, ಬಿಡು" ಅಂದೆ. ನಾನು ಎರಡೂ ಕೈಯಿಂದ ದವಡೆ ಎತ್ತಿ ಮಾಸ್ಕ್ ಬಿಗಿಯಾಗಿ ಹಿಡಿದೆ. ಐದಾರು ಸೆಕೆಂಡಿಗೆ ಒಂದು ಉಸಿರು. ಮೊದಲು ಗಾಬರಿಯಲ್ಲಿ ಬೇಗ ಬೇಗ ಒತ್ತುತ್ತಿದ್ದ. ಎರಡು ನಿಮಿಷದಲ್ಲಿ ಹಿಡಿತ ಸಿಕ್ಕಿತು. ಆಮೇಲೆ ನಾನು ಹೇಳುವುದೇ ಬೇಕಾಗಲಿಲ್ಲ. ಅವನೇ ಬಾಯಲ್ಲಿ ಎಣಿಸುತ್ತಾ ಒತ್ತಿದ. ಮುಂದಿನಿಂದ ಅಣ್ಣ "ಹಂಪ್ ಬಂತು" ಅಂತ ಕೂಗುತ್ತಿದ್ದರು. ನಾವಿಬ್ಬರೂ ಮೊಣಕಾಲು ಊರಿ ಗಟ್ಟಿ ಹಿಡಿಯುತ್ತಿದ್ದೆವು. ಸೈರನ್ ಹಾಕಿ ಸುಮ್ನೆ ಓಡಿಸುವುದು ಪೈಲಟ್ ಕೆಲಸ ಅಂದುಕೊಂಡವರು ಆ ಮೂವತ್ತು ಕಿಲೋಮೀಟರ್ ನೋಡಬೇಕಿತ್ತು. ಎಲ್ಲಿ ಓಡಿಸಬೇಕೋ ಅಲ್ಲಿ ಓಡಿಸಿದರು. ಎಲ್ಲಿ ನಿಧಾನ ಬೇಕೋ ಅಲ್ಲಿ ನನ್ನ ಕೈ ಅಲುಗದಂತೆ ಇಳಿಸಿದರು.

ಇನ್ನೊಂದು ವಿಷಯ ಜನರಿಗೆ ಗೊತ್ತಿರಬೇಕು. ಇಂಥ ರೋಗಿ ಕಣ್ಣು ಮುಚ್ಚಿ, ಕೈಕಾಲು ಆಡಿಸದೆ ಬಿದ್ದಿದ್ದರೂ ಒಳಗೆ ಎಚ್ಚರವಾಗಿರಬಹುದು. ಎಲ್ಲಾ ಕೇಳಿಸುತ್ತಿರಬಹುದು. ಅದಕ್ಕೆ ದಾರಿಯುದ್ದಕ್ಕೂ ಅವನ ಕಿವಿ ಹತ್ತಿರ ಹೇಳುತ್ತಿದ್ದೆ: ನಿಮ್ಮಣ್ಣ ಉಸಿರು ಕೊಡಾಕತ್ತ್ಯಾನ, ನೀ ಹೆದರಬ್ಯಾಡ, ಮರ್ಲಾನಹಳ್ಳಿ ದಾಟಿದ್ವಿ, ಇನ್ನೇನು ಬಂತು. ಅವನ ಮುಂದೆ ಯಾರೂ ಅಳಬಾರದು, ಹೋಗೇಬಿಟ್ಟ ಅನ್ನಬಾರದು ಅಂತ ಬ್ಯಾಗ್ ಒತ್ತುತ್ತಿದ್ದ ಅವನ ಅಣ್ಣನಿಗೂ ಹೇಳಿದೆ.

ಆಸ್ಪತ್ರೆ ಗೇಟಿನಲ್ಲಿ ಸ್ಟ್ರೆಚರ್ ಜೊತೆ ನಿಂತಿದ್ದರು. ಟ್ಯೂಬ್ ಹಾಕಿದರು, ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಇಂಜೆಕ್ಷನ್ ಹತ್ತು ವಯಲ್ ಶುರು ಮಾಡಿದರು. ಕೆಲವು ದಿನ ವೆಂಟಿಲೇಟರ್ ಮೇಲಿದ್ದು ಹುಡುಗ ಎದ್ದು ನಡೆದ. ಡಾಕ್ಟರ್‌ಗಳ ಕೆಲಸ ದೊಡ್ಡದು, ನಿಜ. ಆದರೆ ಅಲ್ಲಿಯವರೆಗೆ ಅವನ ಉಸಿರು ಇದ್ದದ್ದು ಕೆಸರುಗೈಯ ಒಬ್ಬ ಕೂಲಿಯವನ ಮುಷ್ಟಿಯಲ್ಲಿ. ನಾನು ಯಾವ ತರಬೇತಿಯಲ್ಲೂ ಅಷ್ಟು ಬೇಗ ಕಲಿತವರನ್ನು ನೋಡಿಲ್ಲ.

ಹಾವು ಕಚ್ಚಿದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಕರ್ನಾಟಕದಲ್ಲಿ 2024ರಲ್ಲಿ ಆದೇಶ ಆಯಿತು. ಒಳ್ಳೆಯದಾಯಿತು. ಆದರೆ ಆಸ್ಪತ್ರೆಗೆ ಬಂದವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ, ಅಲ್ವಾ? ಇನ್ನೂ ಎಷ್ಟೋ ಜನ ಮೊದಲು ನಾಟಿ ಔಷಧಿಯವರ ಹತ್ತಿರ, ಗುಡಿ ಹತ್ತಿರ ಹೋಗುತ್ತಾರೆ. ದೇವರಿಗೆ ಆಸ್ಪತ್ರೆಯಿಂದಲೇ ಕೈ ಮುಗಿಯಿರಿ, ಅಲ್ಲಿಗೂ ಕೇಳಿಸುತ್ತದೆ. ಬ್ಲೇಡ್ ಹಾಕಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ. ಮಲಗಿಸಿ, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಕಟ್ಟಿಗೆ ಇಟ್ಟು ಟವೆಲ್‌ನಿಂದ ಸಡಿಲವಾಗಿ ಕಟ್ಟಿ. ಉಂಗುರ, ಕಾಲುಂಗುರ, ಬಳೆ ತೆಗೆಯಿರಿ. ಯಾರಾದರೂ ಆಗಲೇ ಹಗ್ಗ ಬಿಗಿದಿದ್ದರೆ ದಾರಿಯಲ್ಲಿ ಒಮ್ಮೆಲೇ ಬಿಚ್ಚಬೇಡಿ, ಆಸ್ಪತ್ರೆಯಲ್ಲೇ ಬಿಚ್ಚಲಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆ ಕೆಳಗೆ ಸೇರಿಸಿಕೊಳ್ಳಿ. ಹಾವಿಗೂ ಅದು ತಡೆ.

ಹೆರಿಗೆ ಕೇಸ್‌ಗಳೇ ನಮಗೆ ಜಾಸ್ತಿ ಖುಷಿ ಕೊಡುವುದು. ಆಸ್ಪತ್ರೆ ಮುಟ್ಟುವವರೆಗೆ ತಡೆಯುವುದಿಲ್ಲ ಅನಿಸಿದ ತಕ್ಷಣ ಅಣ್ಣನಿಗೆ ಹೇಳುತ್ತೇನೆ. ಅವರು ರಸ್ತೆ ಬದಿ ಗಟ್ಟಿ ಜಾಗ ನೋಡಿ ನಿಲ್ಲಿಸುತ್ತಾರೆ, ಎಸಿ ಆರಿಸುತ್ತಾರೆ, ಗಾಡಿಯಿಂದ ಇಳಿದು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಹಿಂದೆ ಬೈಕ್‌ನಲ್ಲಿ ಬಂದ ಗಂಡಸರು ಇಣುಕದಂತೆ ಕಾಯುವುದೂ ಅವರೇ. ಒಳಗೆ ನಾನು ಮತ್ತು ಆಶಾ ಅಕ್ಕ. ಮಗುವನ್ನು ಒಣಬಟ್ಟೆಯಿಂದ ಒರೆಸಿ, ಬೆನ್ನು ತಿಕ್ಕಿ, ಅಳು ಬಂದ ಮೇಲೆ ತಾಯಿಯ ಎದೆ ಮೇಲೆ ಮಲಗಿಸುತ್ತೇವೆ. ರಕ್ತಸ್ರಾವ ಹೆಚ್ಚದಂತೆ ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ಇಂಜೆಕ್ಷನ್. ಅಳು ಕೇಳಿದ ಕೂಡಲೇ ಹೊರಗಿನಿಂದ ಅಣ್ಣ "ತಂಗೀ, ತಾಯಿ ಹೆಂಗದಾಳ?" ಅಂತಾರೆ. ಉಳಿದವರೆಲ್ಲ ಗಂಡೋ ಹೆಣ್ಣೋ ಅಂತ ಕೇಳುತ್ತಾರೆ. ಅಣ್ಣ ಮಾತ್ರ ಯಾವಾಗಲೂ ಮೊದಲು ತಾಯಿಯನ್ನು ಕೇಳುತ್ತಾರೆ.

ಆಶಾ ಅಕ್ಕಂದಿರ ಬಗ್ಗೆ ಒಂದು ಮಾತು. ತಾಯಿ ಕಾರ್ಡ್ ಸೀರೆ ಸೆರಗಿಗೆ ಸಿಕ್ಕಿಸಿಕೊಂಡು ಬರುತ್ತಾರೆ. ಬಿಪಿ ಎಷ್ಟಿತ್ತು, ರಕ್ತ ಎಷ್ಟಿತ್ತು, ಮೊದಲ ಹೆರಿಗೆ ಹೇಗಾಗಿತ್ತು, ಎಲ್ಲಾ ಬಾಯಲ್ಲೇ ಇರುತ್ತದೆ. ಹೆರಿಗೆ ಆದ ಮೇಲೆ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯಲ್ಲಿ ಉಳಿಯುತ್ತಾರೆ. ವಾಪಸ್ ಹೋಗಲು ಬಸ್ ಇಲ್ಲ. ಬೆಳಗಾಗುವವರೆಗೆ ಬೆಂಚಿನ ಮೇಲೆ ಕೂತಿರುತ್ತಾರೆ. ಅವರಿಗೆ ಒಂದು ಮಂಚ ಕೊಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಲೇ ಇದ್ದೇನೆ.

ಸಿಟ್ಟು ಬರುವ ದಿನಗಳೂ ಇವೆ. ಒಂದು ಆಸ್ಪತ್ರೆಯಲ್ಲಿ ಬೆಡ್ ಖಾಲಿ ಇಲ್ಲ ಅಂತ ನಮ್ಮ ಸ್ಟ್ರೆಚರ್ ಮೇಲೇ ರೋಗಿಯನ್ನು ತಾಸುಗಟ್ಟಲೆ ಮಲಗಿಸಿಟ್ಟರು. ಸ್ಟ್ರೆಚರ್ ಇಲ್ಲದೆ ಗಾಡಿ ಹೊರಡುವ ಹಾಗಿಲ್ಲ. ಆ ಹೊತ್ತಿನಲ್ಲಿ ನಮ್ಮ ಕಡೆ ಅಪಘಾತದ ಕೇಸ್ ಬಂತು, ದೂರದ ಗಾಡಿ ಹೋಗಬೇಕಾಯಿತು. ಅಲ್ಲಿನ ನರ್ಸ್‌ಗಳ ಮೇಲೆ ನನಗೆ ಸಿಟ್ಟಿಲ್ಲ, ಅವರು ಇಬ್ಬರೇ ಇಡೀ ವಾರ್ಡ್ ನೋಡುತ್ತಿದ್ದರು. ಬೆಡ್ ಸಾಲದು, ಜನ ಸಾಲದು. ಅದನ್ನು ಸರಿಮಾಡಬೇಕಾದವರು ಮೇಲಿದ್ದಾರೆ.

ಹನುಮಮಾಲೆ ವಿಸರ್ಜನೆಗೆ ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟದ ಕೆಳಗೆ ಡ್ಯೂಟಿ ಬಿದ್ದಿತ್ತು. 575 ಮೆಟ್ಟಿಲು, ಮೇಲಿನಿಂದ ಕೆಳಗಿನವರೆಗೂ ಕೇಸರಿ ಬಟ್ಟೆಯ ಜನ. ಮೇಲೆ ಒಬ್ಬ ಹಿರಿಯರು ಎದೆನೋವು ಅಂತ ಕುಸಿದರು. ಆ ಗದ್ದಲದಲ್ಲಿ ಸ್ಟ್ರೆಚರ್ ಹೇಗೆ ಹೊರುವುದು? ಮಾಲೆ ಹಾಕಿದ ಹುಡುಗರೇ ಸಾಲಾಗಿ ನಿಂತು, ನೆಲಕ್ಕೆ ತಾಗದಂತೆ ಕೈಯಿಂದ ಕೈಗೆ ಇಳಿಸಿದರು. ಯಾರೂ ಯಾರ ಊರು ಕೇಳಲಿಲ್ಲ. ಆಕ್ಸಿಜನ್ ಸಿಲಿಂಡರ್ ಹೊತ್ತವನು ನನ್ನ ಪಕ್ಕದಲ್ಲೇ ಬರಿಗಾಲಲ್ಲಿ ಪೂರಾ ಇಳಿದ.

ಕೇಸ್ ಮುಗಿದ ಮೇಲೆ ಗಾಡಿ ತೊಳೆಯುವುದು ನಮ್ಮಿಬ್ಬರದೇ ಕೆಲಸ. ರಕ್ತ ಇದ್ದರೆ ಬ್ಲೀಚಿಂಗ್ ನೀರು ಹಾಕಿ ಬಿಟ್ಟು ಆಮೇಲೆ ಒರೆಸುತ್ತೇವೆ. ಊಟದ ಹೊತ್ತು ಅಂತ ಇಲ್ಲ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ನನಗೂ ಸೇರಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಾರೆ. ಕಟಕ ರೊಟ್ಟಿ ಆದರೆ ಎಷ್ಟು ತಡವಾದರೂ ಕೆಡುವುದಿಲ್ಲ ಅಂತ ಅವರ ಲೆಕ್ಕ. ಆ ಲೆಕ್ಕ ಒಮ್ಮೆಯೂ ತಪ್ಪಿಲ್ಲ.

ಈಗ ಕಟಾವು ಶುರುವಾಗಿದೆ. ಇನ್ನು ರಸ್ತೆಯ ಅರ್ಧ ಭಾಗ ಭತ್ತ ಒಣಹಾಕುತ್ತಾರೆ. ಗಾಡಿ ಹಾಯದಿರಲಿ ಅಂತ ಅಂಚಿಗೆ ಕಲ್ಲು ಇಡುತ್ತಾರೆ, ರಾತ್ರಿ ತಾಡಪತ್ರಿ ಮುಚ್ಚುತ್ತಾರೆ. ಕತ್ತಲಲ್ಲಿ ಬೈಕ್ ಸವಾರರಿಗೆ ಕಲ್ಲು ಕಾಣುವುದಿಲ್ಲ. ತಲೆಗೆ ಪೆಟ್ಟು ಬಿದ್ದ ಎಷ್ಟು ಹುಡುಗರನ್ನು ಈ ಹಂಗಾಮಿನಲ್ಲಿ ಎತ್ತಿದ್ದೇವೆ! ರೈತರ ಕಷ್ಟವೂ ನಿಜ. ಒಣಗಿಸಲು ಕಣ ಇಲ್ಲ, ತೇವ ಇದ್ದರೆ ದರ ಸಿಗುವುದಿಲ್ಲ. ಅಕ್ಕಪಕ್ಕದ ಪೈಲಟ್‌ಗಳೆಲ್ಲ ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ. ಯಾವ ರಸ್ತೆಯಲ್ಲಿ ಎಲ್ಲಿ ರಾಶಿ ಬಿದ್ದಿದೆ ಅಂತ ಸಂಜೆಯೇ ಫೋಟೊ ಹಾಕುತ್ತಾರೆ.

ಅಣ್ಣ ಈ ಸಲ ತಮ್ಮ ದುಡ್ಡಿನಲ್ಲಿ ರೇಡಿಯಂ ಟೇಪ್ ತಂದಿಟ್ಟುಕೊಂಡಿದ್ದಾರೆ. ಕೇಸ್ ಬಿಟ್ಟು ಖಾಲಿ ಬರುವಾಗ ರಾಶಿ ಹತ್ತಿರ ನಿಲ್ಲಿಸಿ ಮಾತಾಡುತ್ತಾರೆ. "ಒಣಗಸಬ್ಯಾಡ್ರಿ ಅನ್ನಂಗಿಲ್ಲ, ಕಲ್ಲು ತೆಗೀರಿ. ಚೀಲದಾಗ ಹೊಟ್ಟು ತುಂಬಿ ಇಡ್ರಿ, ಈ ಟೇಪ್ ಸುತ್ರಿ." ಕೆಲವರು ಆಗಲೇ ಸುತ್ತಿದ್ದಾರೆ. ನಿಮ್ಮ ರಾಶಿಗೂ ಬೇಕಿದ್ದರೆ ನಮ್ಮ ಗಾಡಿ ಖಾಲಿ ನಿಂತಾಗ ಬಂದು ಕೇಳಿ, ಟೇಪ್ ಕೊಡುತ್ತಾರೆ.