ತಾತನ ತುಕ್ಕು ಹಿಡಿದ ಉಳಿ ಕೆಲಸಕ್ಕೆ ಬರುತ್ತಾ?

ಅಟ್ಟ ಗುಡಿಸುವಾಗ ಸಿಕ್ಕ ಉಳಿಯ ಫೋಟೋ ಕಳಿಸಿ ಎಲ್ಲರೂ ಕೇಳುವುದು ಇದನ್ನೇ: "ತಾತನ ಕಾಲದ್ದು, ಮೈಯೆಲ್ಲಾ ತುಕ್ಕು. ಸರಿ ಹೋಗುತ್ತಾ, ಇಲ್ಲ ಗುಜರಿಗೆ ಹಾಕ್ಲಾ?"

ಹಾಕಬೇಡಿ. ಮೊದಲು ಉಳಿಯ ಬೆನ್ನಿನ ಫೋಟೋ ತೆಗೆದು ಕಳಿಸಿ.

ಬೆನ್ನು ಅಂದರೆ ಇಳಿಜಾರು ಇಲ್ಲದ ಚಪ್ಪಟೆ ಕಡೆ. ಬೆನ್ನೂ ಇಳಿಜಾರೂ ಕೂಡುವ ಗೆರೆಯೇ ಉಳಿಯ ಬಾಯಿ. ಇಳಿಜಾರಿನ ತುಕ್ಕಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಸಾಣೆ ಹಿಡಿದಾಗ ಅದು ತಾನಾಗಿ ಹೋಗುತ್ತದೆ. ಬೆನ್ನಿನಲ್ಲಿ ತುಕ್ಕು ಗುಳಿ ಕೊರೆದಿದ್ದರೆ ಮಾತ್ರ ಕಷ್ಟ. ಗುಳಿ ಬಾಯಿಯ ಹತ್ತಿರ ಬಂದ ಕಡೆಯೆಲ್ಲ ಬಾಯಿ ಮುಕ್ಕಾಗುತ್ತದೆ. ಬಾಯಿಯಿಂದ ಎರಡು ಬೆರಳಗಲ ಬೆನ್ನು ಚೆನ್ನಾಗಿದ್ದರೆ ಸಾಕು. ಉಳಿದದ್ದು ಕಪ್ಪಗಿದ್ದರೆ ಇರಲಿ ಬಿಡಿ. ಕನ್ನಡಿ ಥರ ಹೊಳೆಸುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ, ಅವರು ಮರ ಕೆತ್ತುವುದು ಯಾವಾಗ?

ತುಕ್ಕು ಬಿಡಿಸಲು ಬಿಳಿ ವಿನೆಗರ್ ಸಾಕು. ಹುಣಸೆ ಹುಳಿಯೂ ನಡೆಯುತ್ತದೆ, ನಿಧಾನ ಅಷ್ಟೇ. ಅಲಗು ಮಾತ್ರ ಮುಳುಗುವಂತೆ ಒಂದು ರಾತ್ರಿ ನೆನೆಹಾಕಿ. ಬೆಳಿಗ್ಗೆ ತೆಂಗಿನ ನಾರಿನಲ್ಲಿ ತಿಕ್ಕಿ, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಅದ್ದಿ, ಒರೆಸಿ ಒಣಗಿಸಿ, ಕೂಡಲೇ ಎಣ್ಣೆ ಸವರಿ. ದಿನಗಟ್ಟಲೆ ಬಿಟ್ಟರೆ ಹುಳಿ ಉಕ್ಕನ್ನೇ ತಿನ್ನತೊಡಗುತ್ತದೆ.

ಆಮೇಲೆ ಬೆನ್ನು ಸಮ ಮಾಡುವ ಕೆಲಸ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಅಂಟಿಸಿ. ಬೆನ್ನಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೀಚಿ, ನಾಲ್ಕು ಸಲ ಉಜ್ಜಿ, ತಿರುಗಿಸಿ ನೋಡಿ. ಶಾಯಿ ಅಳಿಸಿದ್ದು ದಿಣ್ಣೆ, ಉಳಿದದ್ದು ತಗ್ಗು. ಬಾಯಿಯ ಅಂಚಿನಲ್ಲಿ ಶಾಯಿ ಕಾಣದಾಗುವವರೆಗೂ 220ರ ಪೇಪರ್ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ) ಬಿಡಬೇಡಿ. ಆಮೇಲೆ 400, 800, 1500 ಬೇಗ ಮುಗಿಯುತ್ತವೆ.

"ಗ್ರೈಂಡರ್‌ಗೆ ಹಿಡಿದ್ರೆ ಐದು ನಿಮಿಷದ ಕೆಲಸ ಅಲ್ವಾ?" ಅದೇ ಐದು ನಿಮಿಷದಲ್ಲಿ ಉಳಿ ಹಾಳೂ ಆಗುತ್ತದೆ. ತೆಳ್ಳಗಿನ ಬಾಯಿ ಬೇಗ ಕಾಯುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕು ನೀಲಿ ತಿರುಗುತ್ತದೆ. ನೀಲಿ ಬಂತೆಂದರೆ ಹದ ಹೋಯಿತು, ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ. ನೀಲಿಯಾದಷ್ಟನ್ನೂ ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ. ಹಳೇ ಉಳಿಗಳಲ್ಲಿ ಮೆತ್ತನೆ ಕಬ್ಬಿಣಕ್ಕೆ ಉಕ್ಕಿನ ತೆಳು ಪಟ್ಟಿ ಬೆಸೆದಿರುವುದೂ ಉಂಟು. ಅಂಥದ್ದನ್ನು ಸುಟ್ಟು ಸವೆಸಿದರೆ ಉಳಿಯುವುದೇನು?

ಅಲಗಿನ ಬುಡದಲ್ಲಿ ಇಂಗ್ಲಿಷಿನಲ್ಲಿ 'ಕಾಸ್ಟ್ ಸ್ಟೀಲ್' ಎಂಬ ಮುದ್ರೆ ಇದ್ದರೆ ಜೋಪಾನ. ಅದು ಮೂಸೆಯಲ್ಲಿ, ಅಂದರೆ ಬೆಂಕಿ ತಾಳುವ ಮಣ್ಣಿನ ಪಾತ್ರೆಯಲ್ಲಿ, ಕರಗಿಸಿದ ಉಕ್ಕು. ಇಂಗ್ಲೆಂಡಿನ ಶೆಫೀಲ್ಡ್ ಕಡೆ ಅದನ್ನು ರೂಢಿಗೆ ತಂದವನು ಬೆಂಜಮಿನ್ ಹಂಟ್ಸ್‌ಮನ್, 1740ರ ದಶಕದಲ್ಲಿ. (ನಮ್ಮ ದಕ್ಷಿಣದ ಕಮ್ಮಾರರಿಗೆ ಮೂಸೆ ಉಕ್ಕು ಅದಕ್ಕೂ ಎಷ್ಟೋ ಶತಮಾನ ಮೊದಲೇ ಗೊತ್ತಿತ್ತು ಅನ್ನುವುದು ಬೇರೆ ಮಾತು.) ಮುದ್ರೆ ಇಲ್ಲವೆಂದು ಬೇಸರ ಬೇಡ. ಊರಿನ ಕುಲುಮೆಯಲ್ಲಿ ಲಾರಿಯ ಕಮಾನು ಪಟ್ಟಿಯಿಂದ ಬಡಿದ ಉಳಿಗಳೂ ಗಟ್ಟಿಗವೇ.

ಇಳಿಜಾರು 25 ಡಿಗ್ರಿ, ಬಾಯಿಯ ತುದಿಯಲ್ಲಿ 30 ಇರಲಿ. ಹರಿತ ನೋಡಲು ಕೈಕೂದಲು ಬೋಳಿಸುವುದೆಲ್ಲ ಬೇಡ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಯ ಅಡ್ಡ ಕೊಯ್ದ ತುದಿಯನ್ನು ಹೆರೆಯಿರಿ. ಮೈ ನುಣುಪಾಗಿ ಹೊಳೆದರೆ ಸರಿ, ನಾರು ಪುಡಿಪುಡಿಯಾಗಿ ಕಿತ್ತು ಬಂದರೆ ಮತ್ತೆ ಸಾಣೆಗೆ.

ಹಿಡಿ ಸೀಳಿದ್ದರೆ ಕರಿಜಾಲಿಯದ್ದು ಹಾಕಿಸಿ. ಇಲ್ಲದಿದ್ದರೆ ಒರೆಸಿ ಅಗಸೆ ಎಣ್ಣೆ ಹಚ್ಚಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಆಗಾಗ ಎಣ್ಣೆ ಸವರಬೇಕು. ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ. ಇನ್ನು ಆಯುಧ ಪೂಜೆಯ ದಿನ ಒದ್ದೆ ಗಂಧ ಹಚ್ಚಿ ಹಾಗೇ ಬಿಟ್ಟರೆ ಬೊಟ್ಟಿಟ್ಟ ಜಾಗದಲ್ಲೇ ದುಂಡಗೆ ತುಕ್ಕು ಏಳುತ್ತದೆ. ಬೊಟ್ಟನ್ನು ಹಿಡಿಗೆ ಇಡಿ.