ಹೊಗೆಗೂಡಿನ ಅಸ್ತರ

ಎಳ್ಳಮಾವಾಸ್ಯೆಗೆ ಹನ್ನೆರಡು ದಿನ ಉಳಿದಿತ್ತು. ರಾತ್ರಿ ಎಂಟೂವರೆಯ ಹೊತ್ತಿಗೆ ನಡುಮನೆಯಲ್ಲಿ ಕುಳಿತು ಒಂಬತ್ತನೆಯ ತರಗತಿಯ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಗುಂತಕಲ್ಲಿನ ಕಡೆ ಹೋಗುವ ಗೂಡ್ಸ್ ರೈಲು ಗೋಡೆಯೊಳಗೇ ನುಗ್ಗಿದಂತೆ ಸದ್ದಾಯಿತು. ರೈಲಿನ ಸದ್ದು ದೂರವಾಗುತ್ತದೆ, ಇದು ಆಗಲಿಲ್ಲ.

ಅಡುಗೆಮನೆಗೆ ಓಡಿದರೆ ದೊಡ್ಡವ್ವ ಆಗಲೇ ಒಲೆಯಲ್ಲಿದ್ದ ಕೊಳ್ಳಿಗಳನ್ನೆಲ್ಲ ಎಳೆದು ಅಂಗಳಕ್ಕೆ ಹಾಕುತ್ತಿದ್ದಳು. ಒಲೆಯಲ್ಲಿ ಬೆಂಕಿ ಇಲ್ಲ, ಮೇಲೆ ಹೊಗೆಗೂಡಿನೊಳಗೆ ಇದೆ. ನಾನು ಕೊಡದಲ್ಲಿ ನೀರು ತುಂಬಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತತೊಡಗಿದೆ. "ನೀರು ಹಾಕಬೇಡ! ಕಾದ ಇಟ್ಟಿಗೆ ಸೀಳುತ್ತದೆ" ಎಂದು ಕೂಗಿದಳು. ಮೇಲೆ ಹೋಗಿ ನೋಡಿದಾಗ ಕೊಡ ಕೈಯಲ್ಲೇ ಉಳಿಯಿತು. ಹೊಗೆಗೂಡಿನ ನೆತ್ತಿಯ ಮೇಲೆ ಮುಚ್ಚಿದ್ದ ಕಡಪ ಕಲ್ಲಿನ ಕೆಳಗಿನಿಂದ ನಾಲ್ಕೂ ಕಡೆಗೆ, ಗ್ಯಾಸ್ ಒಲೆಯ ಬರ್ನರಿನಿಂದ ಬಂದಂತೆ, ಜ್ವಾಲೆ ಅಡ್ಡಡ್ಡ ಚಾಚುತ್ತಿತ್ತು. ಕೆಳಗೆ ದೊಡ್ಡವ್ವ ಗೋಣಿಚೀಲಗಳನ್ನು ಒದ್ದೆ ಮಾಡಿ ಒಲೆಯ ಬಾಯಿಗೆ ಇಳಿಬಿಟ್ಟಳು. ಗಾಳಿ ಸಿಗದೆ ಹತ್ತು ಹದಿನೈದು ನಿಮಿಷದಲ್ಲಿ ಆ ಮೊರೆತ ಅಡಗಿತು. ನಂತರ ಗೋಡೆ ಮುಟ್ಟಿ ನೋಡಿದೆ. ಅಂಗೈ ಇಡಲಾಗಲಿಲ್ಲ.

ನಮ್ಮದು ಬ್ರೂಸ್‌ಪೇಟೆಯ ಹಳೆಯ ಮನೆ. ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಅಜ್ಜ ಕಟ್ಟಿಸಿದ್ದು. ಜಿಲ್ಲೆ ಮೈಸೂರಿಗೆ ಸೇರಿದ್ದು 1953ರಲ್ಲಿ, ಮನೆ ಅದಕ್ಕಿಂತ ಹಿರಿಯದು. ಮೇಲೆ ಮದ್ರಾಸ್ ತಾರಸಿ: ಸಾಗವಾನಿ ತೊಲೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಅದರ ಮೇಲೆ ಸುಣ್ಣದ ಗಚ್ಚು. ಅಡುಗೆಮನೆಯ ಗೋಡೆಯೊಳಗೆ ಒಂಬತ್ತಂಗುಲ ಚೌಕದ ಹೊಗೆದಾರಿ, ಮಾಳಿಗೆಯ ಮೇಲೆ ಆರಡಿ ಎತ್ತರದ ಇಟ್ಟಿಗೆಯ ಗೂಡು. ಮನೆಯಲ್ಲಿ ಗ್ಯಾಸ್ ಇಲ್ಲವೆಂದಲ್ಲ. ದೊಡ್ಡವ್ವ ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಕೊಡುತ್ತಾಳೆ, ಎಳ್ಳಮಾವಾಸ್ಯೆ ಬಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಅರ್ಧ ಪೇಟೆಯೇ ಹೇಳಿಟ್ಟಿರುತ್ತದೆ. ಗ್ಯಾಸಿನ ಮೇಲೆ ಬೇಯಿಸಿದ್ದನ್ನು ಅವಳು ರೊಟ್ಟಿ ಎಂದು ಕರೆಯುವುದೇ ಇಲ್ಲ.

ಮರುದಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಚಿಮಣಿ ರಿಪೇರಿಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಹುಡುಗ ಗ್ಯಾಸ್ ಒಲೆಯ ಮೇಲೆ ಗೋಡೆಗೆ ಬಿಗಿಯುವ ಕರೆಂಟಿನ ಚಿಮಣಿಯ ಬೆಲೆ ಹೇಳಿದ. ಪಕ್ಕದಲ್ಲಿದ್ದ ಮುದುಕರೊಬ್ಬರಿಗೆ ನಾನು ಸೀಮೆಎಣ್ಣೆಯ ಬುಡ್ಡಿ ದೀಪ ಹುಡುಕುತ್ತಿದ್ದೇನೆಂದು ಅನಿಸಿತು. ನಮ್ಮ ಕಡೆ ಚಿಮಣಿ ಎಂದರೆ ಅದೇ, ಸೀಮೆಎಣ್ಣೆಗೆ ಚಿಮಣಿ ಎಣ್ಣೆ ಎಂದೇ ಹೆಸರು. ಹೊಗೆಗೂಡು ಎಂದು ಬಿಡಿಸಿ ಹೇಳಿದ ಮೇಲೆ ಆ ಮುದುಕರೇ ಕೌಲ್ ಬಜಾರಿನ ಒಬ್ಬ ಗೌಂಡಿಯ ಮನೆ ತೋರಿಸಿದರು. ಗಚ್ಚಿನ ಕೆಲಸ ಬಲ್ಲವನು, ಈಗ ಯಾರೂ ಕರೆಯುವುದಿಲ್ಲ, ದೇವಸ್ಥಾನದವರು ಕರೆದರೆ ಉಂಟು ಎಂದರು.

ಗೌಂಡಿ ತಾತ ಬಂದವನೇ ಗೂಡನ್ನು ನೋಡಲಿಲ್ಲ, ಕಟ್ಟಿಗೆ ರಾಶಿಯನ್ನು ನೋಡಿದ. ಒಂದು ಕಟ್ಟಿಗೆ ಎತ್ತಿ ಇನ್ನೊಂದಕ್ಕೆ ಬಡಿದ. ಮೆತ್ತಗಿನ ಸದ್ದು. ಬಳ್ಳಾರಿ ಜಾಲಿ, ಕಡಿದು ಹದಿನೈದು ದಿನವೂ ಆಗಿರಲಿಲ್ಲ. "ಇದು ಉರಿಯುವುದಿಲ್ಲ ಮೇಷ್ಟ್ರೇ, ಬೇಯುತ್ತದೆ" ಎಂದ. ಆಮೇಲೆ ಮೊಮ್ಮಗನ ಕೈಯಿಂದ ಮೊಬೈಲಿಗೆ ಹಗ್ಗ ಕಟ್ಟಿಸಿ, ಟಾರ್ಚ್ ಹಚ್ಚಿ, ವಿಡಿಯೋ ಚಾಲೂ ಮಾಡಿ ಮೇಲಿನಿಂದ ಹೊಗೆದಾರಿಯೊಳಗೆ ಇಳಿಬಿಡಿಸಿದ. ಎಪ್ಪತ್ತು ದಾಟಿದ ಮನುಷ್ಯನಿಂದ ನಾನು ನಿರೀಕ್ಷಿಸಿದ ವಿದ್ಯೆ ಅದಾಗಿರಲಿಲ್ಲ.

ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದೆನೋ. ಕೆಳಗಿನ ಭಾಗದಲ್ಲಿ ಇಲ್ಲಣ, ಅಂದರೆ ಅಡುಗೆಮನೆಯ ಸೂರಿನಲ್ಲಿ ಜೋತಾಡುವ ಮಾಮೂಲಿ ಮಸಿ. ಮೇಲೆ ಹೋದಂತೆ ಅದು ಹೊಳೆಯುವ ಕಪ್ಪು ಪದರವಾಗುತ್ತಿತ್ತು, ಬೆಲ್ಲದ ಕೊಪ್ಪರಿಗೆಯ ಅಂಚಿಗೆ ಪಾಕ ಹತ್ತಿದಂತೆ. ಬೆಂಕಿ ಹೊಕ್ಕ ಕಡೆ ಅದೇ ಪದರ ಹಪ್ಪಳದಂತೆ ಉಬ್ಬಿ ಜೇನುಗೂಡಿನಂತೆ ತೂತುತೂತಾಗಿತ್ತು. ಹಸಿ ಕಟ್ಟಿಗೆ ಪೂರ್ತಿ ಉರಿಯದೆ ಬಿಟ್ಟ ಹಬೆ, ತಣ್ಣಗಿನ ಗೋಡೆಗೆ ತಾಗಿ ಹನಿಯಾಗಿ, ಒಣಗಿ ಡಾಂಬರಿನಂತೆ ಅಂಟುವ ವಸ್ತು ಅದು; ಕ್ರಿಯೋಸೋಟ್ ಎನ್ನುತ್ತಾರೆ. ಒಮ್ಮೆ ಹೊತ್ತಿಕೊಂಡರೆ ಒಳಗಿನ ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ವಿಡಿಯೋದ ನಡುವೆ ಒಂದು ಕಡೆ ಇಟ್ಟಿಗೆಗಳ ಸಂದಿನಲ್ಲಿ ಗಚ್ಚೇ ಇರಲಿಲ್ಲ. ಕಪ್ಪು ಗೆರೆ ಮಾತ್ರ. ಆ ಗೆರೆಯ ಹಿಂದೆ ಏನಿದೆ ಎಂಬುದು ಆಗ ಕಾಣಲಿಲ್ಲ.

ತಾತ ಮಾಳಿಗೆಯ ಮೇಲೆ ಕಡಪ ಕಲ್ಲಿನ ಮುಂದೆ ನಿಂತು ಕೇಳಿದ: "ಇದನ್ನು ಯಾರು ಮುಚ್ಚಿದ್ದು?"

ನಾನೇ. 2009ರಲ್ಲಿ. ಮಂಗಗಳ ಕಾಟ, ಪಾರಿವಾಳಗಳ ಗೂಡು, ಮಳೆ ಬಂದರೆ ಒಲೆಯೊಳಗೆ ನೀರು. ಎಲ್ಲಕ್ಕೂ ಒಂದೇ ಪರಿಹಾರವೆಂದು ನಾಲ್ಕು ಮೂಲೆಗೆ ಅಂಗುಲ ದಪ್ಪದ ಇಟ್ಟಿಗೆ ಚೂರು ಇಟ್ಟು ಮೇಲೆ ಕಲ್ಲು ಕೂರಿಸಿದ್ದೆ. ಗೂಡಿನ ಹೊರಮೈಗೆ ಸಿಮೆಂಟು ಗಿಲಾಯಿ ಮಾಡಿಸಿದ್ದೂ ನಾನೇ, ಅದೂ ಹೆಮ್ಮೆಯಿಂದ. ಅವತ್ತು ದೊಡ್ಡವ್ವ "ಹೊಗೆ ಹೋಗಲು ಅಷ್ಟು ಸಾಕೇನಪ್ಪಾ?" ಎಂದಿದ್ದಳು. ನಾಲ್ಕೂ ಕಡೆ ತೆರೆದಿದೆಯಲ್ಲ ಎಂದು ವಿವರಿಸಿದ್ದೆ. ಮಕ್ಕಳಿಗೆ ಕ್ಷೇತ್ರಫಲ ಕಲಿಸುವ ನಾನು ಆ ಲೆಕ್ಕವನ್ನು ಮಾಡಿದ್ದು ಈ ವರ್ಷ, ಬೆಂಕಿ ಬಿದ್ದ ಮೂರನೆಯ ದಿನ, ಉತ್ತರಪತ್ರಿಕೆಯ ಹಿಂಬದಿಯಲ್ಲಿ. ಹೊಗೆದಾರಿ ಒಂಬತ್ತಕ್ಕೆ ಒಂಬತ್ತು, 81 ಚದರ ಅಂಗುಲ. ಕಲ್ಲಿನ ಕೆಳಗಿನ ಬಾಯಿ ಸುತ್ತಳತೆ ಮೂವತ್ತಾರು, ಎತ್ತರ ಒಂದು: 36. ಅರ್ಧಕ್ಕೂ ಕಡಿಮೆ. ಅದರ ಮೇಲೆ ವರ್ಷವರ್ಷವೂ ಮಸಿ ಕಟ್ಟಿದೆ. ಹೊಗೆ ಮೇಲೇರಲಾರದೆ ದಾರಿಯಲ್ಲೇ ತಂಗಿ, ತಣಿದು, ಗೋಡೆಗೆ ಅಂಟಿಕೊಂಡಿದೆ. ಚಳಿಗಾಲದಲ್ಲಿ ಕಿಟಕಿ ಹಾಕಿಕೊಂಡು ರೊಟ್ಟಿ ಬಡಿಯುವಾಗ ದೊಡ್ಡವ್ವನಿಗೆ ಬರುತ್ತಿದ್ದ ತಲೆನೋವಿಗೆ ನಾನು ಕನ್ನಡಕ ಬದಲಿಸಿಕೊಟ್ಟಿದ್ದೆ. ಹೊಗೆಯೊಳಗಿನ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ವಿಷಯವನ್ನು ಶಾಲೆಯಲ್ಲಿ ಪಕ್ಕದ ಕೊಠಡಿಯ ವಿಜ್ಞಾನದ ಮೇಷ್ಟ್ರು ಹೇಳುತ್ತಾರೆ, ನಾನು ಕೇಳಿಸಿಕೊಂಡಿದ್ದೇನೆ.

ಮಾಳಿಗೆಯ ಮೇಲಿನ ಗೂಡನ್ನು ಪೂರ್ತಿ ಇಳಿಸಿದರು. ಸಿಮೆಂಟಿನ ಗಿಲಾಯಿ ಹಲಗೆಹಲಗೆಯಾಗಿ ಎದ್ದು ಬಂತು. ಅದರ ಹಿಂದಿನ ಇಟ್ಟಿಗೆಯನ್ನು ತಾತ ಬೆರಳಿನಿಂದ ಕೆರೆದರೆ ಕುಂಕುಮದಂತೆ ಉದುರುತ್ತಿತ್ತು. ಹಳೆಯ ಇಟ್ಟಿಗೆ ಮತ್ತು ಗಚ್ಚು ನೀರು ಕುಡಿಯುತ್ತವೆ, ಬಿಸಿಲಿಗೆ ಉಗುಳುತ್ತವೆ. ಸಿಮೆಂಟು ಆ ಉಗುಳುವ ದಾರಿಯನ್ನು ಕಟ್ಟಿಹಾಕುತ್ತದೆ. ಬಿರುಕಿನಿಂದ ಒಳಗೆ ಹೋದ ಮಳೆ ನೀರು ಅಲ್ಲೇ ನಿಂತು, ಉಪ್ಪು ಹೂವಾಗಿ ಅರಳಿ, ಇಟ್ಟಿಗೆಯ ಮುಖವನ್ನೇ ತಿಂದುಹಾಕಿತ್ತು. ಕಡಪ ಕಲ್ಲಿನಷ್ಟೇ ಜಾಣತನದ ಕೆಲಸ.

ತಾರಸಿಯ ಮಟ್ಟಕ್ಕೆ ಬಂದಾಗ ತಾತ ಕೆಲಸ ನಿಲ್ಲಿಸಿ ನನ್ನನ್ನು ಕರೆದ. ಗಚ್ಚಿಲ್ಲದ ಆ ಕಪ್ಪು ಗೆರೆಯ ಹಿಂದೆ ಸಾಗವಾನಿ ತೊಲೆಯ ಪಕ್ಕೆ ಇತ್ತು. ಹೊರಗಿನಿಂದ ಎಣ್ಣೆ ಹಚ್ಚಿದಂತೆ ಹೊಳೆಯುವ ತೊಲೆ. ಗೋಡೆಯೊಳಗಿನ ಮೈ ಇದ್ದಿಲು. ಉಳಿ ಚುಚ್ಚಿದರೆ ನಾಲ್ಕು ಬೆರಳು ಒಳಗೆ ಹೋಯಿತು, ಸದ್ದಿಲ್ಲದೆ. ಆ ರಾತ್ರಿಯ ಬೆಂಕಿ ಒಂದರಿಂದಲೇ ಆದದ್ದಲ್ಲ, ವರ್ಷಗಟ್ಟಲೆ ಶಾಖ ತಾಗಿ ತಾಗಿ ಆದದ್ದು. ಹಾಗೆ ಹುರಿದ ಮರ ಹೊಸ ಮರಕ್ಕಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. ಆ ತೊಲೆಯ ಕೆಳಗೆ ನನ್ನ ಮಗಳ ಓದುವ ಮೇಜಿದೆ. ಗೋಡೆಯ ಇನ್ನೊಂದು ಬದಿ.

ಅಲ್ಲಿಯವರೆಗೆ ಬಿರುಕು ಮುಚ್ಚಿ ಮುಗಿಸೋಣವೆಂದಿದ್ದ ನಾನು ಆಮೇಲೆ ಆ ಮಾತು ಆಡಲಿಲ್ಲ. ತಾತನ ಮಗ ಜಿಲ್ಲೆಯ ಒಂದು ಮೆದುಕಬ್ಬಿಣದ ಕಾರ್ಖಾನೆಯಲ್ಲಿ ಭಟ್ಟಿಗೆ ಇಟ್ಟಿಗೆ ಕಟ್ಟುವವನು. "ಭಟ್ಟಿಯ ಹೊರಗಿನ ಉಕ್ಕು ಉಳಿಯುವುದೇ ಒಳಗಿನ ಅಸ್ತರದಿಂದ. ಅಂಗಿಗೆ ಅಸ್ತರ ಹಾಕುವುದಿಲ್ಲವೇ, ಹಾಗೆ. ಅಸ್ತರ ಹರಿದರೆ ಬದಲಿಸಬಹುದು, ಅಂಗಿ ಉಳಿಯುತ್ತದೆ" ಎಂದ. ಅಜ್ಜನ ಗೂಡಿಗೆ ಅಸ್ತರವಾಗಿ ಇದ್ದದ್ದು ಒಂದು ಪದರ ಗಚ್ಚು ಮಾತ್ರ, ಅದು ಉದುರಿ ಎಷ್ಟು ಕಾಲವಾಗಿತ್ತೋ.

ಯಾವ ಅಸ್ತರ ಎಂಬ ಚರ್ಚೆ ವಾರ ನಡೆಯಿತು. ಅಂಗಡಿಯವರು ಆಸ್‌ಬೆಸ್ಟಾಸ್ ಸಿಮೆಂಟಿನ ಪೈಪು ತೋರಿಸಿದರು. ಬಚ್ಚಲ ಒಲೆಗಳಿಗೆ ಎಲ್ಲರೂ ಅದನ್ನೇ ನೆಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಓಣಿಯ ಒಂದು ಮನೆಗೆ ಬಂದಾಗಲೂ ಅದಕ್ಕೆ ಅಂಥದೇ ಪೈಪಿತ್ತು. ಆದರೆ ಜೋರು ಬೆಂಕಿಗೆ ಅದು ಸಿಡಿಯುತ್ತದೆ, ಅದರ ಎಳೆಯ ಧೂಳು ಪುಪ್ಪುಸಕ್ಕೆ ವಿಷ. ಮಣ್ಣಿನ ಕೊಳವೆಗಳನ್ನು ಸುಡಿಸಬಹುದಿತ್ತು, ಆದರೆ ಗೋಡೆ ಒಡೆಯದೆ ಒಂದರ ಮೇಲೊಂದು ಕೂರಿಸುವುದು ಕಷ್ಟ. ಕೊನೆಗೆ ಹೋಟೆಲುಗಳಿಗೆ ಪಾತ್ರೆ ಕಟ್ಟೆ ಮಾಡಿಕೊಡುವ ಫ್ಯಾಬ್ರಿಕೇಟರ್ ಬಳಿ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಹದಿನಾಲ್ಕು ಅಡಿಯ ಪೈಪು ಹೇಳಿದೆವು. ಅವನ ಬಳಿ ಸದಾ ಇರುವುದು 304. ಹೊಗೆಯ ಆಮ್ಲವನ್ನು 316 ಹೆಚ್ಚು ಕಾಲ ತಡೆಯುತ್ತದೆ ಎಂದು ಕಾದು ತರಿಸಿದೆ.

ಆರಂಗುಲದ ಪೈಪು ಅಗ್ಗವಾಗುತ್ತಿತ್ತು. ಈ ಸಲ ಮೊದಲೇ ಲೆಕ್ಕ ಮಾಡಿದೆ. ತೆರೆದ ಒಲೆಯ ಬಾಯಿಯ ಸುಮಾರು ಹತ್ತನೆಯ ಒಂದು ಭಾಗದಷ್ಟು ಹೊಗೆದಾರಿ ಇರಬೇಕು. ನಮ್ಮ ಒಲೆಯ ಬಾಯಿ ಮೂರಡಿಗೆ ಎರಡಡಿ, 864 ಚದರ ಅಂಗುಲ. ಅಜ್ಜನ ಕಾಲದ ಗೌಂಡಿ 81 ಇಟ್ಟಿದ್ದ, ಅವನಿಗೆ ಗೊತ್ತಿತ್ತು. ಆ ದಾರಿಯಲ್ಲಿ ಇಳಿಯುವ ಅತಿ ದೊಡ್ಡ ಪೈಪು ಎಂಟಂಗುಲದ್ದು, ಅದರ ಬಾಯಿ 50 ಚದರ ಅಂಗುಲ. ಆದ್ದರಿಂದ ಒಲೆಯ ಬಾಯಿಯನ್ನೇ ಐನೂರರ ಹತ್ತಿರ ತರಬೇಕು. ದೊಡ್ಡವ್ವ ಎದ್ದುಹೋಗಿ ಎರಡು ರೊಟ್ಟಿ ಹೆಂಚುಗಳನ್ನು ತಂದು ನೆಲದ ಮೇಲೆ ಪಕ್ಕಪಕ್ಕ ಇಟ್ಟಳು. "ಇವೆರಡೂ ಕೂರಬೇಕು. ಉಳಿದದ್ದು ನೀವು ಏನಾದರೂ ಮಾಡಿಕೊಳ್ಳಿ." ಟೇಪು ಹಿಡಿದರೆ 28 ಅಂಗುಲ. ಹಾಗೆ ಅಗಲವನ್ನು ಅವಳು ಗೊತ್ತುಮಾಡಿದಳು, ಎತ್ತರ ಹದಿನೆಂಟು ಎಂದು ಭಾಗಾಕಾರ ಹೇಳಿತು.

ಎಳ್ಳಮಾವಾಸ್ಯೆಯ ರೊಟ್ಟಿಗಳನ್ನು ಅಂಗಳದಲ್ಲಿ ಮೂರು ಕಲ್ಲಿಟ್ಟು ಬೇಯಿಸಿದ್ದಾಯಿತು. ಆ ಹೊತ್ತಿಗೆ ಅಂಗಳದ ಇನ್ನೊಂದು ಮೂಲೆಯಲ್ಲಿ ಸುಟ್ಟ ಸುಣ್ಣದ ಕಲ್ಲು ನೀರಿನಲ್ಲಿ ಬುಸುಗುಟ್ಟಿ ಅರಳಿ, ಗುಂಡಿಯಲ್ಲಿ ಬೆಣ್ಣೆಯಂತೆ ತಣ್ಣಗೆ ಕುಳಿತಿತ್ತು. ಮರಳು, ಇಟ್ಟಿಗೆ ಪುಡಿ, ಅಳಲೆಕಾಯಿ ನೆನೆಸಿದ ನೀರು, ಸ್ವಲ್ಪ ಬೆಲ್ಲ. ತಾತ ಕಲಸಿದ್ದನ್ನು ಕರಣೆಯ ಮೇಲೆ ತೆಗೆದು ಕರಣೆಯನ್ನು ಬೋರಲು ಹಾಕುತ್ತಿದ್ದ. ಗಚ್ಚು ಅಂಟಿ ನಿಂತರೆ ಸರಿ, ಬಿದ್ದರೆ ಇನ್ನೂ ಅರೆಯಬೇಕು. ಮೊದಲ ದಿನ ಆರು ಸಲ ಬಿತ್ತು. ಮೊಮ್ಮಗ ನನ್ನ ಮುಖ ನೋಡಿದ. ನಾನೇನು ಮಾಡಲಿ?

ಒಲೆಯ ಒಳಗೋಡೆಗೆ ತಾತನ ಮಗ ಭಟ್ಟಿಯ ಬೆಂಕಿ ಇಟ್ಟಿಗೆ ತಂದು ಕಟ್ಟಿದ. ಇದ್ದಿಲಾದ ಭಾಗವನ್ನು ಕೆತ್ತಿ ತೆಗೆದು, ತೊಲೆಗೆ ಕಬ್ಬಿಣದ ಆಸರೆ ಕೊಟ್ಟು, ಗೂಡಿಗೂ ತೊಲೆಗೂ ನಡುವೆ ಎರಡಂಗುಲ ಖಾಲಿ ಬಿಟ್ಟರು. ಪೈಪಿನ ಸುತ್ತ ನರ್ಸರಿಯಲ್ಲಿ ಹೂಕುಂಡಕ್ಕೆ ಮಾರುವ ವರ್ಮಿಕ್ಯುಲೈಟ್ ಸುರಿದೆವು. ಹೊಗೆ ಬಿಸಿಯಾಗಿಯೇ ಹೊರಗೆ ಹೋಗಲಿ, ದಾರಿಯಲ್ಲಿ ತಣಿಯದಿರಲಿ ಎಂದು. ಮೇಲ್ತುದಿಯಲ್ಲಿ ಪೈಪನ್ನು ಗಚ್ಚಿನಿಂದ ಬಿಗಿಯಲು ಹೊರಟ ಮೊಮ್ಮಗನನ್ನು ನಾನು ತಡೆದೆ. ಮುನ್ನೂರು ಡಿಗ್ರಿ ಕಾದರೆ ಹದಿನಾಲ್ಕು ಅಡಿಯ ಈ ಉಕ್ಕು ಸುಮಾರು ಮುಕ್ಕಾಲು ಅಂಗುಲ ಬೆಳೆಯುತ್ತದೆ, ಜಾಗ ಬೇಕು. ಇಡೀ ಕೆಲಸದಲ್ಲಿ ತಾತ ನನ್ನ ಮಾತಿಗೆ ತಲೆಯಾಡಿಸಿದ್ದು ಅದೊಂದೇ ಸಲ.

ಅದರ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಗೂಡಿನಿಂದ ಆರಡಿ ದೂರದಲ್ಲಿ ನಾನು ಕೂರಿಸಿದ್ದ ಕಪ್ಪು ನೀರಿನ ಟ್ಯಾಂಕನ್ನು ತಾತ ತೋರಿಸಿದ. ಅದು ಗೂಡಿನ ಬಾಯಿಗಿಂತ ಒಂದಡಿ ಎತ್ತರ. ಹತ್ತಡಿಯೊಳಗಿರುವ ಯಾವುದಕ್ಕಿಂತಲೂ ಗೂಡು ಎರಡಡಿ ಎತ್ತರವಿರಬೇಕು, ಇಲ್ಲವಾದರೆ ಗಾಳಿ ಟ್ಯಾಂಕಿಗೆ ಬಡಿದು ಸುಳಿದು ಹೊಗೆಯನ್ನು ವಾಪಸು ಕೆಳಗೆ ತಳ್ಳುತ್ತದೆ. "ಗೂಡು ಬೆಳೆಸಲೋ, ಟ್ಯಾಂಕು ಸರಿಸುತ್ತೀರೋ?" ಪ್ಲಂಬರ್‌ಗೆ ಫೋನು ಮಾಡಿದೆ.

ಗಚ್ಚು ಆರಲು ಬಿಟ್ಟು, ದಿನಾ ಒದ್ದೆ ಗೋಣಿ ಹೊದಿಸಿ, ಭಾರತ ಹುಣ್ಣಿಮೆಯ ಹೊತ್ತಿಗೆ ಒಲೆ ಹಚ್ಚಿದೆವು. ಮೊದಲ ನಾಲ್ಕು ದಿನ ಹಿಡಿ ಜೋಳದ ದಂಟಿನಷ್ಟೇ ಬೆಂಕಿ. ಐದನೆಯ ದಿನ ಒಣಗಿದ ಜಾಲಿ. ತಾತ ಒಲೆಯ ಬಾಯಿಯ ಮುಂದೆ ಒಂದು ಊದಿನಕಡ್ಡಿ ಹಿಡಿದ. ಅದರ ಹೊಗೆ ಒಂದು ಕ್ಷಣ ಅನುಮಾನಿಸಿ, ಆಮೇಲೆ ದಾರದಂತೆ ನೇರ ಒಳಗೆ ಎಳೆದುಕೊಂಡು ಹೋಯಿತು. ಅಡುಗೆಮನೆಯಲ್ಲಿ ಕಟ್ಟಿಗೆ ಉರಿಯುವ ಸದ್ದಿತ್ತು, ಹೊಗೆ ಇರಲಿಲ್ಲ. ದೊಡ್ಡವ್ವನಿಗೆ ಅದೇ ಹೊಸದು. ರೊಟ್ಟಿ ಬಡಿಯುತ್ತ ನಡುನಡುವೆ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಕೈಯೆತ್ತಿ ಸುಮ್ಮನೆ ಇಳಿಸುತ್ತಿದ್ದಳು.

ಮೊದಲ ರೊಟ್ಟಿ ತಾತನಿಗೆ. ಪುಂಡಿ ಪಲ್ಯ, ಶೇಂಗಾ ಚಟ್ನಿಯ ಜೊತೆ ತಟ್ಟೆ ಹಿಡಿದು ಅವನು ಅಂಗಳಕ್ಕೆ ಹೋಗಿ ಬೇವಿನ ನೆರಳಿನಲ್ಲಿ ಕುಳಿತ. ಯಾವುದರ ಮೇಲೆ ಕುಳಿತಿದ್ದಾನೆಂದು ನಾನು ಆಗ ಗಮನಿಸಿದೆ. ಕಡಪ ಕಲ್ಲು, ಒಂದು ಮೈ ಕಪ್ಪಗೆ ಹುರಿದದ್ದು, ಬೆಂಕಿಗೆ ಮೂಲೆ ಸೀಳಿದ್ದು. ದೊಡ್ಡವ್ವ ಬಾಗಿಲಲ್ಲಿ ನಿಂತು ಅದನ್ನೇ ನೋಡಿ, "ತಾತ ಉಂಡು ಎದ್ದ ಮೇಲೆ ಅದನ್ನು ಬಚ್ಚಲ ಮುಂದೆ ಹಾಕಿಸಪ್ಪಾ, ಬಟ್ಟೆ ಒಗೆಯಲು ಬರುತ್ತದೆ" ಎಂದಳು.