ಕಂಪನಿ ರಿಟರ್ನ್‌ಗೆ ಸಾಫ್ಟ್‌ವೇರ್: ಎಲ್ಲಿ ದುಡ್ಡು ಕೊಡಬೇಕು, ಎಲ್ಲಿ ಬೇಡ

ಮಾರ್ಚ್ ಬಂದರೆ ಸಾಕು, ಸಣ್ಣ ಕಂಪನಿ ನಡೆಸುವ ಗೆಳೆಯರದ್ದು ಒಂದೇ ಪ್ರಶ್ನೆ: "ಕಡಿಮೆ ರೇಟಿಗೆ ಒಳ್ಳೆ ಟ್ಯಾಕ್ಸ್ ಸಾಫ್ಟ್‌ವೇರ್ ಯಾವುದಪ್ಪಾ?" ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ರಿಟರ್ನ್ ಹಾಕುವ ಸಾಫ್ಟ್‌ವೇರ್‌ಗೆ ಒಂದು ರೂಪಾಯಿಯೂ ಕೊಡಬೇಡಿ, ಲೆಕ್ಕ ಬರೆಯುವ ಸಾಫ್ಟ್‌ವೇರ್‌ಗೆ ಮಾತ್ರ ಜಿಪುಣತನ ಮಾಡಬೇಡಿ. ಇಷ್ಟೇ.

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್. ಡೈರೆಕ್ಟರ್‌ಗಳು ನಾನು ಮತ್ತು ನಮ್ಮ ಭಾವ. ಮಷಿನ್ನು, ಕೆಲಸಗಾರರು ಅವರ ಪಾಲು. ಬಿಲ್ಲು, ಬ್ಯಾಂಕು, ಜಿಎಸ್‌ಟಿ ನನ್ನ ಪಾಲು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕಂಪನಿಗಳ ಮಟ್ಟಿಗೆ. ಪ್ರೊಪ್ರೈಟರ್‌ಶಿಪ್ ಇಟ್ಟುಕೊಂಡವರಿಗೆ ಅರ್ಧಕ್ಕರ್ಧ ನಿಯಮ ಬೇರೆ.

ಮೊದಲು ಆದಾಯ ತೆರಿಗೆ. ಕಂಪನಿಗೆ ಇರುವ ರಿಟರ್ನ್ ಫಾರಂ ಐಟಿಆರ್-6. ಲಾಭ ಬಂದರೂ ಹಾಕಬೇಕು, ನಷ್ಟ ಆದರೂ ಹಾಕಬೇಕು, ವರ್ಷವಿಡೀ ಒಂದು ಬಿಲ್ಲೂ ಮಾಡದೆ ಷಟರ್ ಎಳೆದುಕೊಂಡು ಕೂತಿದ್ದರೂ ಹಾಕಬೇಕು. ಗಡುವು ಸಾಮಾನ್ಯವಾಗಿ ಅಕ್ಟೋಬರ್ 31. ತಪ್ಪಿದರೆ ಆ ವರ್ಷದ ವ್ಯಾಪಾರದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯುವ ಹಕ್ಕು ಹೋಗುತ್ತದೆ, ಹೊಸ ಕಂಪನಿಗಳಿಗೆ ದಂಡಕ್ಕಿಂತ ಇದೇ ದೊಡ್ಡ ಪೆಟ್ಟು. ರಿಟರ್ನ್ ತುಂಬುವ ಯುಟಿಲಿಟಿ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲೇ ಪುಕ್ಕಟೆ ಸಿಗುತ್ತದೆ. ಇಳಿಸಿಕೊಂಡು, ತುಂಬಿ, ಜೇಸನ್ ಫೈಲ್ ಮಾಡಿ, ಅಪ್‌ಲೋಡ್ ಮಾಡಿ, ಡೈರೆಕ್ಟರ್ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಹಾಕಿ ಸಹಿ ಮಾಡಿದರೆ ಮುಗಿಯಿತು. ಡಿಎಸ್‌ಸಿಗೆ ಮಾತ್ರ ದುಡ್ಡು, ಅದು ಹೇಗೂ ಎಂಸಿಎ, ಅಂದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಫಾರಂಗಳಿಗೂ ಬೇಕೇ ಬೇಕು.

ಆ ಯುಟಿಲಿಟಿ ಸಲೀಸಾಗಿದೆ ಅಂತ ನಾನು ಹೇಳುತ್ತಿಲ್ಲ. ಶೆಡ್ಯೂಲ್ ಮೇಲೆ ಶೆಡ್ಯೂಲ್, ಒಂದು ಕಡೆ ಲೆಕ್ಕ ತಾಳೆಯಾಗದಿದ್ದರೆ ಕೆಂಪಕ್ಷರದಲ್ಲಿ ಎರರ್. ಆದರೆ ಆ ತಲೆನೋವು ನಿಮ್ಮ ತನಕ ಬರುವುದೇ ಅಪರೂಪ, ಯಾಕೆಂದರೆ ಕಂಪನಿ ಕಾಯ್ದೆಯ ಪ್ರಕಾರ ವಹಿವಾಟು ಎಷ್ಟೇ ಕಮ್ಮಿ ಇರಲಿ ಲೆಕ್ಕ ಆಡಿಟ್ ಆಗಲೇಬೇಕು. 1 ಕೋಟಿ, ನಗದು ವ್ಯವಹಾರ 5 ಪರ್ಸೆಂಟ್ ಒಳಗಿದ್ದರೆ 10 ಕೋಟಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಆದಾಯ ತೆರಿಗೆಯ ಟ್ಯಾಕ್ಸ್ ಆಡಿಟ್‌ನ ಮಿತಿ. ಕಂಪನಿ ಆಡಿಟ್‌ಗೆ ಮಿತಿ ಗಿತಿ ಏನೂ ಇಲ್ಲ. ಅಂದಮೇಲೆ ಆಡಿಟರಿಗೆ ಫೀಸ್ ಹೇಗೂ ಕೊಡುತ್ತೀರಿ. ಅವರ ಆಫೀಸಿನಲ್ಲಿ ವಿನ್‌ಮ್ಯಾನ್ (ನಮ್ಮ ಮಂಗಳೂರಿನದೇ), ಕಂಪ್ಯುಟ್ಯಾಕ್ಸ್, ಜೀನಿಯಸ್, ಈ ತರದ್ದು ಒಂದಾದರೂ ಇದ್ದೇ ಇರುತ್ತದೆ. ಅವೆಲ್ಲ ನೂರಾರು ಕ್ಲೈಂಟ್‌ಗಳ ರಿಟರ್ನ್ ಹಾಕುವವರಿಗೆ ಅಂತ ಮಾಡಿದ್ದು. ಒಂದೇ ಕಂಪನಿಯ ಒಂದು ರಿಟರ್ನ್‌ಗೆ ಅದನ್ನು ಕೊಳ್ಳುವುದು ಮನೆ ಮಂದಿಯ ಇಡ್ಲಿಗೆ ಹೋಟೆಲ್ ಗ್ರೈಂಡರ್ ತಂದ ಹಾಗೆ.

ಇನ್ನೊಂದು ವಿಷಯ. ಕಂಪನಿಗೆ ಆದಾಯ ತೆರಿಗೆಯ 22 ಪರ್ಸೆಂಟ್ ದರ ಬೇಕು ಅಂದರೆ (ಸರ್‌ಚಾರ್ಜ್ ಸೆಸ್ ಎಲ್ಲ ಸೇರಿ 25.168 ಬೀಳುತ್ತದೆ), ರಿಟರ್ನ್ ಗಡುವಿನ ಒಳಗೆ ಅದರ ಫಾರಂ (1961ರ ಕಾಯ್ದೆಯಲ್ಲಿ 10-ಐಸಿ) ಬೇರೆಯಾಗಿ ಹಾಕಬೇಕು ಮತ್ತು ಒಮ್ಮೆ ಆರಿಸಿಕೊಂಡರೆ ವಾಪಸ್ ಬರುವ ಹಾಗಿಲ್ಲ. ಇಂಥದ್ದನ್ನು ಆಡಿಟರ ಹತ್ತಿರ ಕೂತು ಮಾತಾಡಿ ತೀರ್ಮಾನ ಮಾಡಬೇಕು, ಅದಕ್ಕೆ ಯಾವ ಸಾಫ್ಟ್‌ವೇರೂ ಆಗಿಬರುವುದಿಲ್ಲ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಲೆಕ್ಕದ ಪುಸ್ತಕಕ್ಕೆ. ಇಲ್ಲಿ ಕಂಪನಿಗಳಿಗೆ ಆಯ್ಕೆ ಕಮ್ಮಿ. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಇರಲೇಬೇಕು: ಯಾವ ಎಂಟ್ರಿಯನ್ನು ಯಾವತ್ತು ತಿದ್ದಿದ್ದು, ಏನು ತಿದ್ದಿದ್ದು ಎಲ್ಲ ದಾಖಲಾಗಬೇಕು, ಅದನ್ನು ಯಾರೂ ಆಫ್ ಮಾಡುವ ಹಾಗಿರಬಾರದು. ಆಡಿಟರು ತಮ್ಮ ವರದಿಯಲ್ಲಿ ಇದರ ಬಗ್ಗೆ ಬರೆಯಬೇಕು. ಎಕ್ಸೆಲ್‌ನಲ್ಲಿ ಲೆಕ್ಕ ಇಟ್ಟುಕೊಂಡು ವರ್ಷದ ಕೊನೆಗೆ ಆಡಿಟರ ಮೇಜಿಗೆ ಹಾಕುವ ಕಾಲ ಅಲ್ಲಿಗೇ ಮುಗಿಯಿತು. ಯಾರದೋ ಪೆನ್‌ಡ್ರೈವ್‌ನಿಂದ ಬಂದ ಕ್ರ್ಯಾಕ್ ಮಾಡಿದ ಹಳೇ ಟ್ಯಾಲಿಯ ಕಥೆಯೂ ಅಷ್ಟೇ. ನಮ್ಮ ಏರಿಯಾದಲ್ಲಿ ಅದು ಇನ್ನೂ ಸಿಗುತ್ತದೆ, ಯಾರು ಏನೇ ಹೇಳಲಿ.

ಬ್ಯಾಕಪ್ ನಿಯಮವೂ ಇದೆ. ಕಂಪ್ಯೂಟರ್‌ನಲ್ಲಿ ಲೆಕ್ಕ ಇಡುವ ಕಂಪನಿ ದಿನಾ ಬ್ಯಾಕಪ್ ತೆಗೆಯಬೇಕು, ಆ ಸರ್ವರ್ ಭಾರತದಲ್ಲಿರಬೇಕು. ಪುಸ್ತಕಗಳನ್ನು 8 ವರ್ಷ ಕಾಪಾಡಬೇಕು. ಈ 8 ವರ್ಷ ಅನ್ನುವುದನ್ನು ಕೊಳ್ಳುವಾಗ ಯಾರೂ ಯೋಚಿಸುವುದಿಲ್ಲ. ಮೊದಲ ವರ್ಷದ ರೇಟು ನೋಡಿ ಖುಷಿಯಾಗಿ ಕ್ಲೌಡ್ ಸಾಫ್ಟ್‌ವೇರ್ ತಗೊಳ್ಳುತ್ತೀರಿ, ಮೂರನೇ ವರ್ಷ ರಿನ್ಯೂವಲ್ ರೇಟು ಏರಿಸುತ್ತಾರೆ, ಬಿಟ್ಟು ಹೋಗೋಣ ಅಂದರೆ ಹಳೇ ಲೆಕ್ಕ, ಅದರ ಆಡಿಟ್ ಟ್ರೇಲ್ ಸಮೇತ, ಅವರ ಹತ್ತಿರವೇ ಉಳಿದಿರುತ್ತದೆ. ಅದಕ್ಕೇ ಸೇಲ್ಸ್‌ನವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ದುಡ್ಡು ಕಟ್ಟುವುದು ನಿಲ್ಲಿಸಿದ ಮೇಲೆ ನನ್ನ ಡೇಟಾ ಹೇಗೆ ಓದಲಿ? ಬಹಳ ಜನ "ಅದೆಲ್ಲ ಸಪೋರ್ಟ್ ಟೀಮ್ ನೋಡ್ಕೊಳ್ತಾರೆ ಸಾರ್" ಅನ್ನುತ್ತಾರೆ. ಆ ಉತ್ತರ ಬಂದರೆ ನಾನು ಎದ್ದು ಬಿಡುತ್ತೇನೆ.

ಟ್ಯಾಲಿಯ ಬಲ ಇರುವುದು ಇಲ್ಲೇ. ಒಮ್ಮೆ ಲೈಸೆನ್ಸ್ ಕೊಂಡರೆ ಅದು ನಿಮ್ಮದು, ಟಿಎಸ್‌ಎಸ್ ಅನ್ನುವ ವರ್ಷದ ಚಂದಾ ಕಟ್ಟದಿದ್ದರೂ ತೆರೆಯುತ್ತದೆ, ಹೊಸ ಅಪ್‌ಡೇಟ್ ಮಾತ್ರ ಸಿಗುವುದಿಲ್ಲ. ಬೆಂಗಳೂರಿನ ಕಂಪನಿ, 1986ರಿಂದ ಇದೆ, ಟ್ಯಾಲಿ ಗೊತ್ತಿರುವ ಹುಡುಗ ಹುಡುಗಿಯರು ಯಾವ ಊರಲ್ಲಾದರೂ ಸಿಗುತ್ತಾರೆ. ಕಂಪನಿಗಳಿಗೆ ಅದರಲ್ಲೇ ಎಡಿಟ್ ಲಾಗ್ ಅಂತ ಬೇರೆ ಆವೃತ್ತಿ ಇದೆ, ಇನ್‌ಸ್ಟಾಲ್ ಮಾಡುವಾಗ ಅದನ್ನೇ ಕೇಳಿ ಹಾಕಿಸಿಕೊಳ್ಳಿ. ಶುರುವಿಗೆ ಒಂದೇ ಸಲ ದೊಡ್ಡ ಮೊತ್ತ ಕೊಡಬೇಕು, ಅದೊಂದು ಕಷ್ಟ. ಝೋಹೋ ಬುಕ್ಸ್‌ನಲ್ಲಿ ಶುರುವಿನ ಹೊರೆ ಕಮ್ಮಿ, ಮನೆಯಿಂದ ಮೊಬೈಲಿನಲ್ಲೂ ಬಿಲ್ಲು ಹಾಕಬಹುದು, ಆದರೆ ವರ್ಷ ವರ್ಷ ಕಟ್ಟುತ್ತಲೇ ಇರಬೇಕು. ಇಆರ್‌ಪಿನೆಕ್ಸ್ಟ್ ಓಪನ್ ಸೋರ್ಸ್, ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡರೆ ಲೈಸೆನ್ಸ್‌ಗೆ ಖರ್ಚಿಲ್ಲ, ಸರ್ವರ್ ನೋಡಿಕೊಳ್ಳುವ ಜನ ಇದ್ದರೆ ಮಾತ್ರ ಅದರ ತಂಟೆಗೆ ಹೋಗಿ. ವಹಿವಾಟು 1.5 ಕೋಟಿ ಒಳಗಿದ್ದರೆ ಜಿಎಸ್‌ಟಿ ಪೋರ್ಟಲ್ ಮೂಲಕವೇ ಪುಕ್ಕಟೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಏರ್ಪಾಡೂ ಇದೆ, ಆದರೆ ಕಂಪನಿಯಾದರೆ ಆಡಿಟ್ ಟ್ರೇಲ್ ಇದೆಯಾ ಅಂತ ನೋಡಿಯೇ ಮುಟ್ಟಿ. ಯಾವುದೇ ತಗೊಳ್ಳಿ, ಬಿಲ್ಲಿನಲ್ಲಿ ಕಂಪನಿಯ ಜಿಎಸ್‌ಟಿ ನಂಬರ್ ಹಾಕಿಸಿಕೊಳ್ಳಿ. ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಇನ್‌ಪುಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ವಾಪಸ್ ಸಿಗುತ್ತದೆ.

ಜಿಎಸ್‌ಟಿ ರಿಟರ್ನ್ ಹಾಕುವುದಕ್ಕೂ ಪೋರ್ಟಲ್ ಪುಕ್ಕಟೆ. ವಹಿವಾಟು 5 ಕೋಟಿ ಒಳಗಿದ್ದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಾಕು, ತೆರಿಗೆ ಮಾತ್ರ ತಿಂಗಳಿಗೊಮ್ಮೆ ಕಟ್ಟಬೇಕು. 5 ಕೋಟಿ ದಾಟಿದರೆ ಇ-ಇನ್‌ವಾಯ್ಸ್ ಕಡ್ಡಾಯ, ಆಗ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದಲೇ ಐಆರ್‌ಎನ್ (ಪ್ರತಿ ಇ-ಇನ್‌ವಾಯ್ಸ್‌ನ ನಂಬರ್) ಬರುವ ಹಾಗಿದ್ದರೆ ಜೀವ ಉಳಿಯುತ್ತದೆ. ಸಾಫ್ಟ್‌ವೇರ್ ನಿಜವಾಗಿ ದುಡ್ಡು ಉಳಿಸುವುದು ಇನ್‌ಪುಟ್ ಕಡೆ. ನಿಮ್ಮ ಪರ್ಚೇಸ್ ರಿಜಿಸ್ಟರ್ ಒಂದು ಕಡೆ, ನಿಮಗೆ ಸಿಗುವ ಇನ್‌ಪುಟ್ ತೋರಿಸುವ ಪೋರ್ಟಲ್‌ನ ಪಟ್ಟಿ ಜಿಎಸ್‌ಟಿಆರ್-2ಬಿ ಇನ್ನೊಂದು ಕಡೆ. ಮಾಲು ಕೊಟ್ಟ ಪಾರ್ಟಿ ಬಿಲ್ಲು ಅಪ್‌ಲೋಡ್ ಮಾಡದಿದ್ದರೆ 2ಬಿಯಲ್ಲಿ ಕಾಣಿಸುವುದಿಲ್ಲ, ಕಾಣಿಸದಿದ್ದರೆ ಇನ್‌ಪುಟ್ ಇಲ್ಲ. ಇದನ್ನು ಕಣ್ಣಲ್ಲಿ ಹುಡುಕುತ್ತಾ ಕೂತರೆ ಭಾನುವಾರ ಹೋಯಿತು ಅಂತಲೇ ಲೆಕ್ಕ. ಸಾಫ್ಟ್‌ವೇರ್ ಹೊಂದಿಸಿ ಪಟ್ಟಿ ಕೊಟ್ಟರೆ ಸೋಮವಾರ ಬೆಳಿಗ್ಗೆ ಪಾರ್ಟಿಗಳಿಗೆ ಫೋನ್ ಮಾಡುವುದಷ್ಟೇ ಕೆಲಸ.

ಟಿಡಿಎಸ್ ರಿಟರ್ನ್‌ಗೆ ಪ್ರೋಟಿಯನ್ (ಹಿಂದಿನ ಎನ್‌ಎಸ್‌ಡಿಎಲ್ ಇ-ಗವ್) ಕಂಪನಿಯವರ ಆರ್‌ಪಿಯು ಅನ್ನುವ ಯುಟಿಲಿಟಿ ಪುಕ್ಕಟೆ. ನೋಡಲು ಹಳೇ ಕಾಲದ್ದು, ಕೈಯಲ್ಲೇ ಟೈಪ್ ಮಾಡಬೇಕು, ಆದರೆ ಕ್ವಾರ್ಟರ್‌ಗೆ ಹತ್ತು ಹದಿನೈದು ಎಂಟ್ರಿ ಇರುವ ಕಂಪನಿಗೆ ಧಾರಾಳ.

ಇನ್ನೊಂದು ಪರೀಕ್ಷೆ ಹೇಳುತ್ತೇನೆ, ಇದನ್ನು ಡೆಮೊದಲ್ಲಿ ಕೇಳಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಇರುವ ಮೈಕ್ರೋ, ಸ್ಮಾಲ್ ಘಟಕಗಳಿಗೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದ ಒಳಗೆ ದುಡ್ಡು ಕೊಡಬೇಕು. ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43ಬಿ(ಎಚ್) ಪ್ರಕಾರ ಆ ಖರ್ಚು ಆ ವರ್ಷ ಲೆಕ್ಕಕ್ಕಿಲ್ಲ, ಕೊಟ್ಟ ವರ್ಷವೇ ಸಿಗುವುದು. ಪೀಣ್ಯದಂಥ ಕಡೆ ನಮಗೆ ಜಾಬ್ ವರ್ಕ್ ಮಾಡಿಕೊಡುವವರೆಲ್ಲ ಇಂಥವರೇ ಅಲ್ವಾ? ಪಾರ್ಟಿಯ ಮಾಸ್ಟರ್‌ನಲ್ಲಿ (ಸಾಫ್ಟ್‌ವೇರ್‌ನಲ್ಲಿ ಅವರ ವಿವರ ಇರುವ ಪುಟ) ಉದ್ಯಮ್ ನಂಬರ್ ಹಾಕಿ, ಗಡುವು ಮೀರುವ ಬಿಲ್ಲುಗಳನ್ನು ಫೆಬ್ರುವರಿಯಲ್ಲೇ ತೋರಿಸುವ ಸಾಫ್ಟ್‌ವೇರ್ ಆದರೆ ಅದಕ್ಕೆ ಕೊಟ್ಟ ದುಡ್ಡು ಒಂದೇ ವರ್ಷದಲ್ಲಿ ಹುಟ್ಟಿಬಿಡಬಹುದು.

ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ನಂಬರ್‌ಗಳೆಲ್ಲ ಅದಲುಬದಲು, ಹಾಗಾಗಿ ಅಪ್‌ಡೇಟ್ ಇಲ್ಲದ ಅಗ್ಗದ ಸಾಫ್ಟ್‌ವೇರ್ ಈಗಂತೂ ಬೇಡ. ಟ್ರಯಲ್ ತಗೊಳ್ಳುವಾಗ ಅವರ ಸ್ಯಾಂಪಲ್ ಡೇಟಾ ನೋಡಿ ತಲೆ ಆಡಿಸಬೇಡಿ. ನಿಮ್ಮದೇ ಒಂದು ತಿಂಗಳ ಬಿಲ್ಲುಗಳನ್ನು ಹಾಕಿ, 2ಬಿ ಹೊಂದಿಸಿ, ಒಂದು ಎಂಟ್ರಿ ಬೇಕಂತಲೇ ತಿದ್ದಿ ಲಾಗ್‌ನಲ್ಲಿ ಬರುತ್ತದಾ ನೋಡಿ, ಆಮೇಲೆ ಆ ಫೈಲನ್ನು ನಿಮ್ಮ ಆಡಿಟರ ಆಫೀಸಿಗೆ ಕಳಿಸಿ. ಅಲ್ಲಿ ಕೂತು ಕೆಲಸ ಮಾಡುವ ಆರ್ಟಿಕಲ್ ಹುಡುಗ (ಸಿಎ ಕಲಿಯುತ್ತಿರುವವನು) "ಇದು ನಮ್ಮಲ್ಲಿ ತೆರೆಯುತ್ತೆ ಸಾರ್" ಅಂದ ಮೇಲೆ ದುಡ್ಡು ಕಟ್ಟಿ.